ತಾಯಿಯನ್ನು ಬಸ್ಸು ಹತ್ತಿಸಿದವನು

ಸಾವಿನ ಸುದ್ದಿ ಯಾರೇ ತಂದರೂ ನಾನು ಮೊದಲು ಹೆಸರು ಕೇಳುತ್ತೇನೆ. ಯಾರು, ಯಾವ ಊರಿನವರು, ನೀವು ಕಣ್ಣಾರೆ ಕಂಡಿರಾ, ಇಲ್ಲ ಯಾರಾದರೂ ಹೇಳಿದ್ದಾ? ಇಂಥ ಹೊತ್ತಿನಲ್ಲಿ ಇದೆಂಥ ಪಾಟೀಸವಾಲು ಎಂದು ಮನೆಯವರು ಗದರುತ್ತಾರೆ. ಮೊನ್ನೆ ಸಾಗರದಿಂದ ಬಂದ ಹಳೆಯ ಶಿಷ್ಯನೊಬ್ಬ, "ನಮ್ಮ ಕಂಡಕ್ಟ್ರು ಹೋದ್ರು ಸಾರ್" ಎಂದಾಗಲೂ ಇಷ್ಟನ್ನೂ ಕೇಳಿದೆ. ಅವನು ತಾನೇ ಮಸಣಕ್ಕೆ ಹೋಗಿ ಬಂದವನು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಆದರೂ ಆ ಮನುಷ್ಯ ಸತ್ತ ಎನ್ನುವುದು ನನ್ನೊಳಗೆ ಇಳಿಯಲಿಲ್ಲ. ಬಸ್ಸಿನ ಹಿಂಬಾಗಿಲಲ್ಲಿ ಒಂದು ಕಾಲು ಹೊರಗಿಟ್ಟು ತಗಡಿಗೆ ಎರಡು ಸಲ ಬಡಿದು "ಹೋಗ್ಲಿ" ಎಂದು ಕೂಗುತ್ತಿದ್ದವನನ್ನು ಮಲಗಿಸಿ ನೋಡಲು ಮನಸ್ಸು ಒಪ್ಪುವುದಿಲ್ಲ.

ಆತನ ಬಗ್ಗೆ ಬರೆಯಬೇಕೆಂದು ಕೂತಾಗ ಬೇರೆಯದೇ ತೊಡಕು. ನಾನು ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬಾರದೆಂದು ಮೈಸೂರಿನಲ್ಲಿ ನಮಗೆ ಕಲಿಸಿದ್ದರು. ಈ ಬರಹಕ್ಕೆ ಇರುವವನು ಒಬ್ಬನೇ ಸಾಕ್ಷಿ, ಅದೂ ನಾನು. ಬಸ್ಸು ಹಸಿರು ಬಣ್ಣದ್ದೆಂದು ನನ್ನ ನೆನಪು. ಅಕ್ಕ ಬದುಕಿದ್ದಾಗ ಅದು ಕೆಂಪೆಂದು ಆಣೆ ಹಾಕುತ್ತಿದ್ದಳು. ಬಣ್ಣದಲ್ಲೇ ತಪ್ಪಿದವನು ಮಾತಿನಲ್ಲಿ ತಪ್ಪದೆ ಇರುತ್ತೇನೆಯೇ? ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಒಳ್ಳೆಯದು.

ಅರವತ್ತರ ದಶಕದ ನಡುವಿನ ವರ್ಷಗಳು. ಲಿಂಗನಮಕ್ಕಿಯಲ್ಲಿ ನೀರು ನಿಂತು ಊರೂರುಗಳೇ ಮುಳುಗಿ, ಜನ ಪಾತ್ರೆಪಗಡೆ ಕಟ್ಟಿಕೊಂಡು ಸಿಕ್ಕಿದಲ್ಲಿ ನೆಲೆಯೂರುತ್ತಿದ್ದ ಕಾಲ. ನಾನು ಹೊಸನಗರದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಶನಿವಾರ ಸಾಗರದ ಅಕ್ಕನ ಮನೆಗೆ ಹೋಗುವುದು, ಸೋಮವಾರ ಬೆಳಗಿನ ಬಸ್ಸಿಗೆ ವಾಪಸಾಗುವುದು. ಅದು ಸಾಗರದಿಂದ ಹೊರಟು, ಹೊಸನಗರ ಮುಟ್ಟಿ, ಕೋಣಂದೂರಿನ ಮೇಲೆ ತೀರ್ಥಹಳ್ಳಿಗೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುವ ಖಾಸಗಿ ಬಸ್ಸು. ಆತ ಅದರ ಕಂಡಕ್ಟರ್.

ಮೊದಲ ನೋಟದಲ್ಲೇ ಆತನ ಮೇಲೆ ನನಗೆ ಸಿಟ್ಟು ಬಂದಿತ್ತು. ಸಾಗರದ ನಿಲ್ದಾಣದಲ್ಲಿ ತೀರಾ ವಯಸ್ಸಾದ ಒಬ್ಬ ಹೆಂಗಸು ಬಸ್ಸಿನ ಮುಂಬಾಗಿಲ ಕಂಬಿ ಹಿಡಿದು ಮೆಟ್ಟಿಲು ಹತ್ತಲು ಹೆಣಗುತ್ತಿದ್ದಳು. ಒಂದು ಕಾಲು ಮೇಲಿಟ್ಟು, ಮತ್ತೆ ಕೆಳಗಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಇಡುತ್ತಿದ್ದಳು. ನಾನು ಕೈ ಚಾಚಿದೆ. ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡಿದು ಎಳೆದರು. ತಿರುಗಿದರೆ ಕಂಡಕ್ಟರ್; ನನ್ನ ಕಂಕುಳಲ್ಲಿದ್ದ ಪುಸ್ತಕ ನೋಡಿಯೇ ಕಸುಬು ಊಹಿಸಿರಬೇಕು.

"ಬಿಡಿ ಮೇಷ್ಟ್ರೇ. ಹತ್ತಲಿ."

"ಬೀಳ್ತಾರೆ ಕಣ್ರೀ!"

"ಬಿದ್ರೆ ಎತ್ತಿದ್ರಾಯ್ತು. ಬೀಳದೇ ಇರೋರನ್ನ ಎಂತಕ್ಕೆ ಎತ್ತೋದು?"

ಬಸ್ಸಿನೊಳಗಿನವರು ಗೊಣಗುತ್ತಿದ್ದರು. ಡ್ರೈವರು ಬೀಡಿ ಹಚ್ಚಿ ಆರಾಮಾಗಿ ಕೂತಿದ್ದ. ಕೊನೆಗೆ ಆಕೆ ಹತ್ತಿದಳು; ಡ್ರೈವರನ ಹಿಂದಿನ ಒಂಟಿ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡು, ಯಾವುದೋ ಕೋಟೆ ಗೆದ್ದವಳಂತೆ ಹಿಂದೆ ತಿರುಗಿ ಎಲ್ಲರನ್ನೂ ನೋಡಿದಳು. ಯಾವ ಕಲ್ಲೆದೆಯವನಪ್ಪಾ ಇವನು ಎಂದುಕೊಂಡು ಪಕ್ಕದವರನ್ನು ಆ ಅಜ್ಜಿ ಯಾರೆಂದು ಕೇಳಿದೆ.

"ಅವ್ನ ಹೆತ್ತವ್ವ" ಎಂದರು ಅವರು.

ದಿನವೂ ಹೀಗೇ ಎಂದು ತಿಳಿದಾಗ ಇನ್ನಷ್ಟು ದಿಗಿಲಾಯಿತು. ಬೆಳಿಗ್ಗೆ ಹತ್ತುವುದು, ತೀರ್ಥಹಳ್ಳಿ ಕಂಡು ಸಂಜೆ ಸಾಗರಕ್ಕೆ ಬಂದು ಇಳಿಯುವುದು. ಹೆತ್ತ ತಾಯಿಯನ್ನು ಕೂರಿಸಿ ಅನ್ನ ಹಾಕುವುದೇ ಮಗನಾದವನ ಧರ್ಮವೆಂದು ನಂಬಿದ ಊರಿನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಕಾರಣ ನನಗೆ ತಿಳಿದದ್ದು ಅಕ್ಕನಿಂದ. ಆತನ ಮನೆ ಅಕ್ಕನ ಬೀದಿಯಲ್ಲೇ, ಎರಡು ಕೋಣೆಯ ಬಾಡಿಗೆ ಬಿಡಾರ. ಊರು ಮುಳುಗಿದ ಮೇಲೆ ಅವ್ವನನ್ನು ಅಲ್ಲಿಗೆ ಕರೆತಂದಿದ್ದರು. ಊರಲ್ಲಿದ್ದಾಗ ಅವಳದ್ದು ನಿಂತಲ್ಲಿ ನಿಲ್ಲದ ಜೀವ. ಯಾರ ಮನೆಯ ಹಸು ಗಬ್ಬ, ಯಾರ ಮಗಳಿಗೆ ಎಲ್ಲಿಯ ಸಂಬಂಧ, ಯಾರಿಗೆ ಯಾರು ಷಡ್ಡಕ, ಎಲ್ಲ ಅವಳ ನಾಲಗೆಯ ತುದಿಯಲ್ಲಿ. ಸಾಗರಕ್ಕೆ ಬಂದ ಮೇಲೆ ಮಾಡಲು ಏನೂ ಇರಲಿಲ್ಲ. ಸೊಸೆ ಒಳ್ಳೆಯವಳು, ನೀರು, ಕಾಫಿ, ಎಲೆಯಡಿಕೆ ಎಲ್ಲವನ್ನೂ ಕೈಗೇ ತಂದುಕೊಡುತ್ತಿದ್ದಳು. ಅವ್ವ ಗೋಡೆಯ ಕಡೆ ಮುಖಮಾಡಿ ಕೂರತೊಡಗಿದಳು. ಮಾತು ನಿಂತಿತು. ಮಧ್ಯಾಹ್ನದ ಹೊತ್ತಿಗೆ, "ಬೆಳಗಾಯ್ತಾ?" ಎನ್ನುವಳು. ಮಗನ ಮುಖ ನೋಡಿ, "ಯಾರ ಪೈಕಿ?" ಎಂದಳಂತೆ ಒಂದು ದಿನ. ಮರುದಿನ ಬೆಳಿಗ್ಗೆ ಆತ ಅವಳ ಕೈಗೆ ಊರುಗೋಲು ಕೊಟ್ಟು, "ನಡಿ ಅವ್ವ, ಹೊರಡಣ" ಎಂದು ಬಸ್ಸಿಗೆ ಕರೆತಂದ.

ಸೊಸೆ ನಮ್ಮಕ್ಕನ ಹತ್ತಿರ ಬಂದು ಅತ್ತಳು. "ಅತ್ತೆಗೆ ನಾನು ಒಂದು ಹೊತ್ತು ಗಂಜಿನೂ ಹಾಕಲ್ಲ, ಅದ್ಕೆ ಗಂಡ ಬಸ್ಸಲ್ಲಿ ಹೊತ್ಕಂಡು ತಿರುಗ್ತಾರೆ ಅಂತ ಬೀದಿಯೆಲ್ಲ ಮಾತಾಡ್ತದೆ ಅಕ್ಕಾ. ನಾನು ಎಲ್ಲಿ ಮುಖ ಇಟ್ಕಳ್ಲಿ?"

ಆಗ ಆ ಕಡೆಯ ಜನಕ್ಕೆ ಬಸ್ಸೆಂದರೆ ಜನ ಹತ್ತುವ ಗಾಡಿ ಮಾತ್ರವಲ್ಲ. "ಬಸ್ಸಿಗೆ ಕೊಟ್ಟು ಕಳಿಸು" ಎನ್ನುವುದು ದಿನಬೆಳಗಾದರೆ ಕೇಳುವ ಮಾತು. ಬಾಣಂತಿಗೆ ಲೇಹ್ಯ, ಸಾಗರದಲ್ಲಿ ಹೊಲಿಸಿದ ರವಿಕೆ, ಮಾವಿನ ಮಿಡಿ, ಮಗಳ ಜಾತಕ, ದನದ ಔಷಧಿ, ಎಲ್ಲವೂ ಬಸ್ಸಿನಲ್ಲೇ ಹೋಗಬೇಕು. ಆ ಕಡೆಯ ಸ್ಟಾಪಿನಲ್ಲಿ ಯಾರಾದರೂ ನಿಂತು ತೆಗೆದುಕೊಳ್ಳಬೇಕು. ಬಾಯಿಮಾತಿನ ಸುದ್ದಿಗಳೂ ಹಾಗೆಯೇ. ಆತ ಇದನ್ನೆಲ್ಲ ಅವ್ವನಿಗೆ ವಹಿಸಿಬಿಟ್ಟ. ಪೊಟ್ಟಣಗಳು ಅವಳ ಮಡಿಲಲ್ಲಿ, ಸುದ್ದಿಗಳು ಅವಳ ತಲೆಯಲ್ಲಿ. ಕೆಲವೇ ತಿಂಗಳಲ್ಲಿ ಅವಳ ಗಂಟಲು ಎಷ್ಟು ಜೋರಾಯಿತೆಂದರೆ, ಇಂಜಿನ್ನಿನ ಸದ್ದಿನ ಮೇಲೂ ಕೇಳುತ್ತಿತ್ತು. "ಏ ಕುಸುಮೀ, ನಿನ್ನತ್ತೆಗೆ ಹೇಳು, ಅವ್ರಣ್ಣಂಗೆ ಜ್ವರ ಬಿಟ್ಟಿದ್ಯಂತೆ! ಹುಳಿ ತಿನ್ನಬಾರ್ದಂತೆ!" ಬಸ್ಸಿನವರಿಗೆಲ್ಲ ಅವಳು ಅವ್ವನೇ ಆದಳು.

ಇಷ್ಟಕ್ಕೆ ನಿಂತಿದ್ದರೆ ನಾನು ಮೆಚ್ಚಿ ಸುಮ್ಮನಾಗುತ್ತಿದ್ದೆನೇನೋ. ಆತ ನಿಲ್ಲಲಿಲ್ಲ. ಒಂದು ಹೊಸ ನೇಮ ಮಾಡಿದ. ಮನೆಯಲ್ಲಿ ಹಿರಿಯರಿದ್ದರೆ ಪೊಟ್ಟಣ ಅವರ ಕೈಗೇ ಕೊಡುವುದು. ಮಗ, ಸೊಸೆ ಬಂದರೆ ಕೊಡುವುದಿಲ್ಲ. ಹೊಸನಗರಕ್ಕೆ ಮೊದಲಿನ ಒಂದು ಸ್ಟಾಪಿನಲ್ಲಿ ಕಣ್ಣು ಕಾಣದ ಒಬ್ಬ ಅಜ್ಜನ ಮಗ ಆತನ ಕೊರಳಪಟ್ಟಿ ಹಿಡಿದದ್ದನ್ನು ನಾನೇ ನೋಡಿದ್ದೇನೆ.

"ನಮ್ಮಪ್ಪನ್ನ ರಸ್ತೆ ಬದೀಲಿ ನಿಲ್ಸಕ್ಕೆ ನೀನ್ಯಾವನೋ? ನೋಡ್ದೋರು ಎಂತ ತಿಳೀತಾರೆ? ಭಿಕ್ಷೆಗೆ ನಿಲ್ಸಿದಾರೆ ಅಂತಾರೆ!"

"ಹಂಗಾರೆ ಬೇಡ ಬಿಡಿ. ನಿಮ್ಮ ಪೊಟ್ಟಣನೂ ಒಂದ್ಸಲ ತೀರ್ಥಳ್ಳಿ ನೋಡ್ಕಂಡು ಬರ್ಲಿ."

ಪೊಟ್ಟಣ ನಿಜವಾಗಿಯೂ ತೀರ್ಥಹಳ್ಳಿಗೆ ಹೋಗಿಬಂತು. ಕೆಲವು ದಿನಗಳ ನಂತರ ಆ ಸ್ಟಾಪಿನಲ್ಲಿ ಅಜ್ಜ ಒಗೆದ ಶಾಲು ಹೊದ್ದು ಕೋಲೂರಿ ನಿಂತಿದ್ದ. ಅವ್ವ ಕಿಟಕಿಯಿಂದ ಪೊಟ್ಟಣ ನೀಡಿದಳು. ಅವನು ಅವಳ ಕೈ ಸವರಿ, "ಇದ್ಯಾರದು, ಗಂಟು ಗಂಟು ಕೈ?" ಎಂದ. "ನಿಂದೇನು ರೇಷ್ಮೇದಾ?" ಎಂದಳು ಅವ್ವ. ಆಮೇಲಾಮೇಲೆ ಅವನು ಬಸ್ಸಿನ ಸದ್ದನ್ನು ಎಲ್ಲರಿಗಿಂತ ಮುಂಚೆ ಹಿಡಿದು, "ಇವತ್ತು ಗಾಡಿ ಗಂಟ್ಲು ಕಟ್ಟಿದೆ" ಎಂದು ಡ್ರೈವರನಿಗೇ ಹೇಳುತ್ತಿದ್ದ.

ಆ ರಸ್ತೆಯಲ್ಲಿ ಒಂದೊಂದು ಸ್ಟಾಪಿನಲ್ಲೂ ಒಬ್ಬೊಬ್ಬ ಮುದುಕ, ಮುದುಕಿ ನಿಂತಿರುವ ದೃಶ್ಯ ಈಗಲೂ ಕಣ್ಣಿಗೆ ಕಟ್ಟುತ್ತದೆ. ಆಗ ಅದು ನನಗೆ ಇಷ್ಟವಾಗಿರಲಿಲ್ಲ. ಒಳ್ಳೆಯದು ಮಾಡುವುದರಲ್ಲೂ ಒಂದು ದರ್ಪವಿರುತ್ತದೆ. ಒಮ್ಮೆ ಕಾಲು ಬಾತುಕೊಂಡ ಅಜ್ಜಿಯೊಬ್ಬಳನ್ನು ಇಬ್ಬರು ಕುರ್ಚಿಯಲ್ಲಿ ಹೊತ್ತು ರಸ್ತೆಗೆ ತಂದರು. ಅವಳು ನೋವಿಗೆ ಹಲ್ಲು ಕಚ್ಚಿಕೊಂಡಿದ್ದಳು. ನಾನು ಸಿಟ್ಟಿನಿಂದ, "ತೃಪ್ತಿಯಾಯ್ತೇನ್ರೀ?" ಎಂದೆ. ಆತ ಇಳಿದು ಹೋಗಿ ಆ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಪೊಟ್ಟಣ ಕೊಟ್ಟು, ಏನೋ ಹೇಳಿ ಬಂದ. ಅಂದಿನಿಂದ ಆ ಮನೆಯ ಪೊಟ್ಟಣವನ್ನು ತಾನೇ ಓಡಿಹೋಗಿ ಬಾಗಿಲಿಗೆ ಕೊಡುತ್ತಿದ್ದ. ಬಸ್ಸು ಅಲ್ಲಿಯವರೆಗೆ ಕಾಯುತ್ತಿತ್ತು.

ಆತನಿಗೊಬ್ಬ ಅಣ್ಣ. ತೀರ್ಥಹಳ್ಳಿಯಲ್ಲಿ ಜವಳಿ ಅಂಗಡಿ, ನಾಲ್ಕು ಜನ ನಮಸ್ಕಾರ ಹೇಳುವ ಮನುಷ್ಯ. ಕೆಟ್ಟವನಲ್ಲ. ತಾಯಿಗೆಂದು ಮನೆಯಲ್ಲಿ ಗಾಳಿಬೆಳಕಿನ ಕೋಣೆ, ಮಂಚ, ನೋಡಿಕೊಳ್ಳಲು ಒಬ್ಬ ಹೆಂಗಸು, ಎಲ್ಲ ಸಿದ್ಧಮಾಡಿಟ್ಟಿದ್ದ. ಅವನ ಅಂಗಡಿಯ ಎದುರಿಗೇ ಬಸ್ಸು ದಿನವೂ ನಿಲ್ಲುತ್ತಿತ್ತು, ಕಿಟಕಿಯಲ್ಲಿ ಅವ್ವನ ಧೂಳು ಮುಖ. "ಅಲ್ಲಿ ಅವ್ವ ಮಹಾರಾಣಿ ಹಂಗೆ ಇರ್ಬೋದು ಮಾರಾಯ" ಎಂದು ಅವನು ಬೇಡಿಕೊಂಡನಂತೆ. "ಮಹಾರಾಣಿಗೂ ಎಂತಾದ್ರೂ ಕೆಲ್ಸ ಇರ್ತದೆ ಅಣ್ಣ" ಎಂದನಂತೆ ಇವನು.

ಇನ್ನು ಆ ಸೋಮವಾರ. ಇದನ್ನು ನಾನು ಕಂಡದ್ದೆಷ್ಟು, ಆಮೇಲೆ ಕೇಳಿ ಕಂಡಂತೆ ಮಾಡಿಕೊಂಡದ್ದೆಷ್ಟು ಎಂದು ಬೇರ್ಪಡಿಸಲು ಬಹಳ ಸಲ ಪ್ರಯತ್ನಿಸಿದ್ದೇನೆ. ಬಸ್ಸಿನಲ್ಲಿದ್ದೆ ಎನ್ನುವುದು ಖಂಡಿತ. ಅವ್ವನ ಹಿಂದಿನ ಸೀಟು.

ಸಾಗರದಲ್ಲಿ ಬಸ್ಸು ಹೊರಡುವ ಮೊದಲು ತಲೆಗೆ ವಸ್ತ್ರ ಸುತ್ತಿಕೊಂಡ ಒಬ್ಬ ಕಿಟಕಿಯ ಬಳಿಗೆ ಓಡಿಬಂದ. ಅವ್ವನ ಮುಳುಗಿದ ಊರಿನವರೇ ಆದ ಒಬ್ಬ ಹಿರಿಯರು ಬೆಳಗಿನ ಜಾವ ತೀರಿಕೊಂಡಿದ್ದರು. ಹೊಸನಗರದ ಕಡೆ ಕೊಟ್ಟಿದ್ದ ಅವರ ಮಗಳಿಗೆ ಸುದ್ದಿ ಮುಟ್ಟಬೇಕು, ಅವಳು ಬಂದ ಮೇಲೆಯೇ ಹೆಣ ಎತ್ತುವುದು. "ಅವ್ಳ ಮನೆ ನಂಗೊತ್ತು. ಗೋಳಿಮರದ ಸ್ಟಾಪು. ನೀನು ಹೋಗು, ಅಲ್ಲಿ ಜನ ಬೇಕಾಗ್ತದೆ" ಎಂದಳು ಅವ್ವ. ಮಗ ಆಗ ಬಸ್ಸಿನ ಮೇಲೆ ಮೂಟೆ ಕಟ್ಟುತ್ತಿದ್ದ. ಅವನ ಕಿವಿಗೆ ಇದು ಬೀಳಲಿಲ್ಲ.

ಗೋಳಿಮರದ ಎದುರಿನ ಮನೆಗೆ ಆ ದಿನ ಮಾವಿನ ತೋರಣ ಕಟ್ಟಿತ್ತು. ಡ್ರೈವರು ಅದನ್ನು ನೋಡಿ, "ಎಂತ ವಿಶೇಷವೋ" ಎಂದ. ಅವ್ವನ ಮಸುಕುಗಣ್ಣಿಗೆ ಅದು ಕಂಡಿರಲಾರದು. ಬಸ್ಸು ನಿಂತದ್ದೇ ತಡ, ಹೊಸ ಸೀರೆಯುಟ್ಟ ಮನೆಯೊಡತಿ ನಗುತ್ತ ಓಡಿಬಂದಳು. ಬೇಗನೆ ಬಂದ ನೆಂಟರು ಇಳಿಯುತ್ತಾರೆಂದು ಅವಳೆಣಿಕೆ.

ಸಾವಿನ ಸುದ್ದಿ ಹೇಳುವುದಕ್ಕೆ ಆ ಕಡೆ ಒಂದು ಕ್ರಮವಿತ್ತು. ಹೇಳುವವರು ಹೊಸ್ತಿಲು ದಾಟಬಾರದು, ನೀರು ಕುಡಿಯಬಾರದು, ಸತ್ತವರ ಹೆಸರೆತ್ತಬಾರದು, "ಬರ್ತೀನಿ" ಎನ್ನಬಾರದು. ಹೇಳಿ, ಹಿಂತಿರುಗಿ ನೋಡದೆ ಹೋಗಬೇಕು. ಕೇಳಿದವರೂ ಮರುಪ್ರಶ್ನೆ ಹಾಕಬಾರದು. ಅವ್ವ ಕ್ರಮ ತಪ್ಪುವವಳಲ್ಲ. ಕಿಟಕಿಯಿಂದ ಮುಖ ಚಾಚಿ ಮೆಲ್ಲಗೆ ಹೇಳಿದಳು: "ಒಳಗೆ ಹೋಗು ತಂಗಿ, ಒಲೆ ಆರ್ಸು. ನಿನ್ನ ತವರಿನ ದೊಡ್ಡ ಜೀವ ಹೋಯ್ತು." ತಕ್ಷಣ ಮುಖ ತಿರುಗಿಸಿ ಡ್ರೈವರನ ಬೆನ್ನು ತಟ್ಟಿದಳು. ಬಸ್ಸು ಹೊರಟಿತು. ನಾನು ತಿರುಗಿ ನೋಡಿದೆ. ಆ ಹೆಂಗಸು ಕೆಂಪು ಧೂಳಿನಲ್ಲಿ ಹೊಸ ಸೀರೆಯಲ್ಲೇ ಕುಸಿದು ಕೂತಿದ್ದಳು. ಆ ನಗು ಅವಳ ಮುಖದಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ.

ಅವಳು ಸತ್ತವರ ಮಗಳಲ್ಲ. ಆ ಮಗಳ ಸಂಸಾರ ಹಿಂದಿನ ದೀಪಾವಳಿಯ ಸುಮಾರಿಗೆ ಮನೆ ಬಿಟ್ಟು ತೀರ್ಥಹಳ್ಳಿಯ ಆಚೆ ಹೋಗಿತ್ತು. ಈಗ ಅಲ್ಲಿದ್ದದ್ದು ಬೇರೆ ಸಂಸಾರ. ಆ ಹೆಂಗಸಿನ ತಂದೆ ಆನಂದಪುರದಲ್ಲಿ ಗಟ್ಟಿಮುಟ್ಟಾಗಿದ್ದರು. ಆ ದಿನ ಮನೆಯಲ್ಲಿ ಮಗಳ ನಿಶ್ಚಿತಾರ್ಥ.

ಒಲೆ ಆರಿಸಿದರು. ಬೇಯಿಸಿದ್ದನ್ನೆಲ್ಲ ಹೊರಗೆ ಚೆಲ್ಲಿದರು. ಉಟ್ಟ ಬಟ್ಟೆಯಲ್ಲೇ ಎಲ್ಲರೂ ತಲೆಗೆ ನೀರು ಹಾಕಿಕೊಂಡರು. ಕೋಣಂದೂರಿನಿಂದ ಗಂಡಿನ ಕಡೆಯವರು ಬಂದಾಗ ಕಂಡದ್ದು ತಲೆಯಿಂದ ನೀರು ಸೋರುತ್ತಿದ್ದ ಹುಡುಗಿ. ಅವರು ಅಂಗಳದಿಂದಲೇ ಹಿಂತಿರುಗಿದರು. ಗಂಡಸರು ಅಳುತ್ತ ಆನಂದಪುರ ಮುಟ್ಟಿದಾಗ, ಸತ್ತ ಅಜ್ಜ ಜಗಲಿಯಲ್ಲಿ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಅರ್ಧ ಮುಖದಲ್ಲಿ ಸಾಬೂನು. ಅಳಿಯನನ್ನು ನೋಡಿ, "ಎಂತದಾ, ಯಾರು ಹೋದ್ರು?" ಎಂದರಂತೆ. ಕ್ಷೌರಿಕ ಕತ್ತಿ ಬಿಸುಟು ಓಡಿದನೆಂದು ಹೊಸನಗರದ ಹೋಟೆಲಿನಲ್ಲಿ ಹೇಳಿ ನಕ್ಕರು. ಸುಳ್ಳು ಸಾವಿನ ಸುದ್ದಿಯಿಂದ ಆಯುಸ್ಸು ಹೆಚ್ಚುತ್ತದೆಂದು ಸಮಾಧಾನವನ್ನೂ ಮಾಡಿಕೊಂಡರು.

ನಗುವುದಕ್ಕೆ ಇದ್ದದ್ದು ಅಷ್ಟೇ. ನಿಶ್ಚಿತಾರ್ಥದ ದಿನವೇ ಮನೆಗೆ ಸೂತಕದ ನೆರಳು ಬಿದ್ದಿತೆಂದು ಗಂಡಿನ ಕಡೆಯವರು ಮಾತು ನಿಲ್ಲಿಸಿಬಿಟ್ಟರು. ಇನ್ನೊಂದು, ಯಾರೂ ಜೋರಾಗಿ ಆಡದ ಮಾತು: ಸತ್ತವರ ನಿಜವಾದ ಮಗಳಿಗೆ ಸುದ್ದಿಯೇ ಮುಟ್ಟಲಿಲ್ಲ. ಕಾದು ಕಾದು ಹೆಣ ಎತ್ತಿದರು. ಅವಳಿಗೆ ಅಪ್ಪನ ಮುಖ ಸಿಗಲಿಲ್ಲ.

ನನಗೆ ದೊಡ್ಡ ಪೆಟ್ಟು ಬಿದ್ದಂತಾಗಿತ್ತು. ಅವಳ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ನನಗೂ ಏನೂ ತೋಚಿರಲಿಲ್ಲ. ವಯಸ್ಸಾದವರ ನೆನಪಿನ ಮೇಲೆ ಊರಿನ ಹುಟ್ಟುಸಾವಿನ ಭಾರ ಹೊರಿಸಿದ್ದು ಯಾವ ನ್ಯಾಯ? ಕಂಡಕ್ಟರನ ಹಟಕ್ಕೆ ಬೇರೆಯವರು ಬೆಲೆ ತೆತ್ತರು ಎಂದೇ ನನ್ನ ಅಂದಿನ ತೀರ್ಮಾನ. ಅದು ಪೂರ್ತಿ ತಪ್ಪೆಂದು ಇಂದಿಗೂ ಹೇಳಲಾರೆ.

ಮರುವಾರ ಸಾಗರದಲ್ಲಿ ಬಸ್ಸು ಹತ್ತಿದಾಗ ಅವ್ವ ಅದೇ ಸೀಟಿನಲ್ಲಿದ್ದಳು. ಮಡಿಲು ಖಾಲಿ. ಯಾರೂ ಅವಳ ಕೈಗೆ ಏನನ್ನೂ ಕೊಡುತ್ತಿರಲಿಲ್ಲ. ಕುಸುಮಿಯ ಮನೆ ಹೋಯಿತು, ಕಣ್ಣು ಕಾಣದ ಅಜ್ಜ ನಿಂತ ಸ್ಟಾಪು ಹೋಯಿತು; ಅವಳು ಕಿಟಕಿಯ ಕಡೆ ತಿರುಗಲೂ ಇಲ್ಲ, ಮುಂದಿನ ತಗಡನ್ನೇ ನೋಡುತ್ತಿದ್ದಳು. ನಾನು ಮಾತಾಡಿಸಿದೆ. "ಬೆಳಗಾಯ್ತಾ?" ಎಂದಳು. ಬಿಸಿಲು ಚುರುಗುಟ್ಟುತ್ತಿತ್ತು. ಹಿಂದೆ ನಿಂತಿದ್ದ ಮಗನಿಗೆ ಅದು ಕೇಳಿಸಿತು. ಅವನು ಹರಿಯುತ್ತಿದ್ದ ಟಿಕೆಟ್ಟು ಅಡ್ಡಡ್ಡ ಹರಿಯಿತು.

ಹೊಸನಗರದ ನಿಲ್ದಾಣದಲ್ಲಿ ಜನ ಸೇರಿತ್ತು. ಹುಡುಗಿಯ ತಂದೆ ಮುಂದೆ ನಿಂತಿದ್ದ. ಪಕ್ಕದಲ್ಲಿ ಬಸ್ಸಿನ ಧಣಿಗಳ ಏಜೆಂಟ್. ಸ್ವಲ್ಪ ದೂರದಲ್ಲಿ ಬಾಡಿಗೆ ಕಾರು, ಅದರ ಬಳಿ ತೀರ್ಥಹಳ್ಳಿಯ ಅಣ್ಣ.

"ಇವತ್ತಿಗೆ ಸಾಕು. ನಿಮ್ಮವ್ವನ್ನ ಇಳಿಸ್ಕಳಿ. ಧಣಿಗಳ ಅಪ್ಪಣೆ ಆಗಿದೆ" ಎಂದ ಏಜೆಂಟ್.

ಹುಡುಗಿಯ ತಂದೆ ಬಸ್ಸಿಗೆ ಅಡ್ಡ ಬಂದು ನಿಂತ. "ನನ್ ಮಗಳ ಬಾಳು ಹೋಯ್ತಲ್ಲ ಮಾರಾಯಾ. ಯಾರನ್ನ ಕೇಳ್ಲಿ ನಾನು?"

ಅಣ್ಣ ಮುಂದೆ ಬಂದು ಕೈಮುಗಿದ. "ತಪ್ಪಾಯ್ತು ಸ್ವಾಮಿ. ವಯಸ್ಸಾದ ಜೀವ, ಬುದ್ಧಿ ಸ್ಥಿರ ಇಲ್ಲ. ತಿಳೀದೆ ಎಂತದೋ ಅಂದುಬಿಟ್ಲು. ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಇವತ್ತೇ ನಮ್ಮನೆಗೆ ಕರ್ಕಂಡು ಹೋಗ್ತೀನಿ. ಇನ್ನು ಹೊರಗೆ ಬಿಡಲ್ಲ."

ಎಲ್ಲರಿಗೂ ಅದು ಸರಿಯೆನಿಸಿತು. ನನಗೂ. ಆಗ ಕಂಡಕ್ಟರ್ ಬಸ್ಸಿನಿಂದ ಧುಮುಕಿ, "ಅಣ್ಣ, ನೀ ಸುಮ್ನಿರು" ಎಂದ. "ತಿಳೀದೆ ಅಂದ್ಲು ಅಂತ ಹೇಳ್ಬೇಡ. ತಿಳ್ದೇ ಹೇಳಿದಾಳೆ, ತಪ್ಪು ಹೇಳಿದಾಳೆ. ಅವ್ಳಿಗೆ ನಾಲ್ಗೆ ಇದೆ." ಮತ್ತೆ ಕಿಟಕಿಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ: "ಅವ್ವಾ, ಇಳಿ! ಇವ್ರು ಕೇಳ್ತಾ ಇದಾರೆ. ಉತ್ರ ಕೊಡು!"

ಎಂಬತ್ತರ ಆಸುಪಾಸಿನ ತಾಯಿಯನ್ನು ಮಗನೇ ನಡುಬೀದಿಯಲ್ಲಿ ಕಟಕಟೆಗೆ ಕರೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಯಾರೋ "ಥೂ" ಎಂದರು. ಹುಡುಗಿಯ ತಂದೆಯೇ, "ಬೇಡ, ಬೇಡ ಬಿಡಿ" ಎಂದ. ಅವ್ವ ಅಲುಗಲಿಲ್ಲ. ತಗಡನ್ನೇ ನೋಡುತ್ತಿದ್ದಳು. ಅಣ್ಣ ಹತ್ತಿ ಅವಳನ್ನು ಎತ್ತಿಕೊಳ್ಳಲು ಹೋದ. ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಇಟ್ಟ. ಮತ್ತೊಮ್ಮೆ, ಈ ಸಲ ಮೆಲ್ಲಗೆ, "ಅವ್ವ" ಎಂದ.

ಮೊದಲು ಕಂಡದ್ದು ಕೋಲು. ಆಮೇಲೆ ಕಂಬಿ ಹಿಡಿದ ಕೈ. ಅವಳು ಒಂದೊಂದೇ ಮೆಟ್ಟಿಲಿಳಿದು ಹುಡುಗಿಯ ತಂದೆಯ ಮುಂದೆ ಬಂದು ನಿಂತು, ತಲೆಯೆತ್ತಿ ಅವನ ಮುಖ ಹುಡುಕಿದಳು.

"ಯಾರ ಪೈಕಿ ನೀನು?" ಎಂದಳು. ಅವನು ಹೇಳಿದ. ಅವಳು ಅವನ ಅಜ್ಜನ ಹೆಸರು ಹೇಳಿ, ಹೌದಾ ಎಂದು ಕೇಳಿದಳು. ಅವನು ಹೌದೆಂದ.

"ಆ ಮನೇಲಿ ಅವಳೇ ಇದಾಳೆ ಅಂತ ನನ್ನೆಣಿಕೆ. ಮೊದ್ಲು ಎಲ್ರೂ ಇದ್ದಲ್ಲೇ ಇರ್ತಿದ್ರು. ಈಗ ಯಾರೂ ಇದ್ದಲ್ಲಿ ಇಲ್ಲ. ಕೇಳ್ಕಬೇಕಿತ್ತು. ಕೇಳ್ಲಿಲ್ಲ. ತಪ್ಪು ನಂದು." ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಜೋಡಿಸಿದಳು.

ಅವನು ಬೆಚ್ಚಿ ಆ ಕೈ ಹಿಡಿದುಕೊಂಡ. "ನೀವು ಕೈ ಮುಗೀಬಾರ್ದು ಅವ್ವ, ನಮಗೆ ಒಳ್ಳೇದಲ್ಲ."

"ಹಂಗಾರೆ ಗಂಡಿನ ಮನೆ ಯಾವುದು ಹೇಳು. ಅವ್ರ ಮುಂದೆ ಮುಗೀತೀನಿ. ಸಾವು ಬಂದಿದ್ದು ನಿನ್ ಮನೇಗಲ್ಲ, ನನ್ ಬಾಯಿಗೆ ಅಂತ ನಾನೇ ಹೇಳ್ಬೇಕು. ನೀ ಹೇಳಿದ್ರೆ ನಂಬ್ತಾರಾ?"

ಅವನು ಏಜೆಂಟನ ಮುಖ ನೋಡಿದ. ಅವಳನ್ನು ಇಳಿಸಲೆಂದೇ ಬಂದಿದ್ದ ಆ ತಂದೆಗೆ ಈಗ ಅವಳು ಹತ್ತಲೇಬೇಕಾಗಿತ್ತು. ಕೋಣಂದೂರಿಗೆ ಹೋಗುವ ಬಸ್ಸು ಇದೊಂದೇ. "ಕೋಣಂದೂರಿನ ತನಕ ಬರ್ಲಿ" ಎಂದ ಹುಡುಗಿಯ ತಂದೆ. ಅಣ್ಣ, "ಕಾರಿದೆಯಲ್ಲ, ಕಾರಲ್ಲೇ ಹೋಗಣ" ಎಂದ. ಅವ್ವ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಆಗಲೇ ಕಂಬಿ ಹಿಡಿದಿದ್ದಳು. ಯಾರೂ ಕೈ ನೀಡಲಿಲ್ಲ. ಇಡೀ ನಿಲ್ದಾಣ ಅವಳು ಹತ್ತುವುದನ್ನು ನೋಡುತ್ತ ನಿಂತಿತು. ಹತ್ತಿ ಕೂತು, 'ಥೂ' ಎಂದವನ ಕಡೆ ಬೆರಳು ತೋರಿಸಿ, "ಮಾರಾಯಾ, ಬಾಯಿಗೆ ಎಂತ ಸಿಕ್ಕಿತ್ತು?" ಎಂದಳು.

ಕೋಣಂದೂರಿನಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಶಾಲೆಯ ಗಂಟೆ ಆಗಲೇ ಹೊಡೆದಿತ್ತು. ಅವ್ವ ಆ ಮನೆಯವರ ಜೊತೆ ತುಂಬ ಹೊತ್ತು ಮಾತಾಡಿದಳೆಂದೂ, ಬಸ್ಸಿನವರೆಲ್ಲ ಇಳಿದು ಅಂಗಳದಲ್ಲಿ ನಿಂತಿದ್ದರೆಂದೂ, ಕೊನೆಗೆ ಆ ಮನೆಯ ಮುದುಕಿ ಇವಳಿಗೆ ಕಾಫಿ ಕೊಟ್ಟಳೆಂದೂ ಡ್ರೈವರು ಹೇಳಿದ. ಡ್ರೈವರಿಗೆ ಬಣ್ಣ ಕಟ್ಟುವ ಚಾಳಿಯಿತ್ತು. ಆದರೆ ಮದುವೆ ಆಯಿತು; ನಾನೇ ಉಂಡು ಬಂದಿದ್ದೇನೆ. ಅವ್ವನನ್ನು ಇಳಿಸುವ ಮಾತನ್ನು ಧಣಿಗಳು ಮತ್ತೆ ಎತ್ತಲಿಲ್ಲ. ಅಪ್ಪನ ಮುಖ ಸಿಗದ ಆ ಮಗಳ ಮನೆಗೂ ಅವ್ವ ಹೋದಳು. ಅವಳು ಬಾಗಿಲು ತೆರೆಯಲಿಲ್ಲ. "ಅವಳು ಮಾಡಿದ್ದು ಸರಿ" ಎಂದಳಂತೆ ಅವ್ವ. ಇನ್ನೂ ಎಷ್ಟೋ ಕಾಲ ಅದೇ ಸೀಟಿನಲ್ಲಿ ಓಡಾಡಿದಳು. ಸಾವಿನ ಸುದ್ದಿ ಒಪ್ಪಿಕೊಳ್ಳುವ ಮುಂಚೆ ತಂದವನನ್ನು ನಿಲ್ಲಿಸಿ, ಹೆಸರು, ಮನೆ, ಈಗ ಯಾರಿದ್ದಾರೆ, ಎಲ್ಲ ಬಿಡದೆ ಕೇಳುತ್ತಿದ್ದಳು.

ನನಗೆ ಹೊಸನಗರದಿಂದ ವರ್ಗವಾಯಿತು. ಕಂಡಕ್ಟರನನ್ನು ನಾನು ಮನಸ್ಸಿನಲ್ಲಿ ಒಂದು ಮಾದರಿಯನ್ನಾಗಿ ಮಾಡಿಕೊಂಡಿದ್ದೆ. ಸಂಶಯವೇ ಸ್ವಭಾವವಾದ ನನ್ನಂಥವನಿಗೆ, ತಾನು ಮಾಡುವುದು ಸರಿಯೆಂದು ಅಷ್ಟು ಗಟ್ಟಿಯಾಗಿ ನಂಬಿದವನೊಬ್ಬ ಬೇಕಾಗಿದ್ದನೇನೋ. ಎಷ್ಟೋ ವರ್ಷಗಳ ಮೇಲೆ ಸಾಗರದಲ್ಲಿ ಸಿಕ್ಕಿದ. ಕೆಲಸ ಬಿಟ್ಟಿದ್ದ, ಅವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವಾಗ, ಆ ದಿನ ನಿಲ್ದಾಣದಲ್ಲಿ ತಾಯಿಯನ್ನು ಕೂಗಿದ್ದರ ಬಗ್ಗೆ ಕೇಳಿದೆ. "ಅಷ್ಟೊಂದು ಧೈರ್ಯ ಹೇಗೆ ಬಂತು ನಿಮ್ಗೆ? ಅವ್ರು ಇಳೀದೇ ಹೋಗಿದ್ರೆ?"

"ಅಣ್ಣನ ಕಾರು ಹತ್ತಿಸ್ತಿದ್ದೆ" ಎಂದ.

ನಾನು ಲೋಟ ಕೆಳಗಿಟ್ಟೆ. ತಮಾಷೆಯೆಂದುಕೊಂಡೆ. ಆತನ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ.

"ನಾನೇ ಎತ್ತಿ ಕೂರಿಸ್ತಿದ್ದೆ ಮೇಷ್ಟ್ರೇ. ಆ ವಾರ ಇಡೀ ನನ್ ಮುಖ ನೋಡಿ ಯಾರ ಪೈಕಿ ಅಂತಿದ್ಲು. ಅವ್ವ ಒಳಗಿದಾಳೋ, ಹೋಗೇ ಬಿಟ್ಲೋ ಅಂತ ನಂಗೂ ಗೊತ್ತಿರ್ಲಿಲ್ಲ. ಕೂಗಿ ನೋಡ್ದೆ." ಲೋಟದಲ್ಲಿ ಉಳಿದದ್ದನ್ನು ಕುಡಿದು ಬಾಯಿ ಒರೆಸಿಕೊಂಡ. "ಬಂದ್ಲು."